ಹಿಂದಕ್ಕೆ ಬೀಸಿದ ಫ್ಯಾನು

ಮಗಳ ಹತ್ತನೇ ಹುಟ್ಟುಹಬ್ಬಕ್ಕೆ ಸುಟ್ಟುಹೋದ ಟೇಬಲ್ ಫ್ಯಾನೊಂದನ್ನು ಉಡುಗೊರೆ ಕೊಟ್ಟವನು ನಾನು. ಅದನ್ನು ಕೇಳಿ ನಕ್ಕವರು ಬಹಳ ಜನ. ನಗಲಿ. ಅವರಲ್ಲಿ ಒಬ್ಬರೂ ತಮ್ಮ ಕೈಯಿಂದ ಒಂದು ತಿರುಪು ಬಿಚ್ಚಿದವರಲ್ಲ.

ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದಲ್ಲಿ ನನ್ನದೊಂದು ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ಕೇರಳಕ್ಕೆ ಹೋಗುವ ತರಕಾರಿ ಲಾರಿಗಳು ದಿನವಿಡೀ ಬಾಗಿಲ ಮುಂದೆಯೇ ಗುಡುಗುತ್ತಾ ಹೋಗುತ್ತವೆ. ಬೋರ್‌ವೆಲ್ಲಿನ ಮೋಟಾರು, ಹಿಟ್ಟಿನ ಗಿರಣಿಯ ಮೋಟಾರು, ಮಿಕ್ಸಿ, ಫ್ಯಾನು, ಹೀಗೆ ಸುಟ್ಟು ಬಂದದ್ದರ ಹೊಟ್ಟೆಯೊಳಗಿನ ಕರಕಲು ತಂತಿಯನ್ನು ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ಮತ್ತೆ ತಿರುಗುವ ಹಾಗೆ ಮಾಡುವುದು ನನ್ನ ಕಸುಬು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಮೈಸೂರಿನ ಒಂದು ಅಂಗಡಿಯಲ್ಲಿ ನೆಲ ಗುಡಿಸುತ್ತಾ, ಬೈಸಿಕೊಳ್ಳುತ್ತಾ, ನೋಡಿ ಕಲಿತೆ. ನಾನು ಸುತ್ತಿದ ಮೋಟಾರು ನನ್ನ ತಪ್ಪಿನಿಂದ ಸುಟ್ಟು ವಾಪಸ್ಸು ಬಂದದ್ದಿಲ್ಲ. ಬಂದಿದೆ ಎನ್ನುವವನು ಇದ್ದರೆ ಎದುರಿಗೆ ಬಂದು ಹೇಳಲಿ.

ನನ್ನ ಅಂಗಡಿಯಲ್ಲಿ ಒಂದು ಕಟ್ಟಳೆ ಇದೆ. ನಾನು ತಂತಿ ಸುತ್ತುವಾಗ ಯಾರೂ ಮಾತಾಡಬಾರದು. ಸುತ್ತು ಎಣಿಸಬೇಕು. ನಡುವೆ ಯಾವನಾದರೂ ‘ಅಣ್ಣ, ಟೀ ಆಯ್ತಾ?’ ಅಂದರೆ ಎಣಿಕೆ ತಪ್ಪುತ್ತದೆ, ತಪ್ಪಿದರೆ ಪೂರ್ತಿ ಬಿಚ್ಚಿ ಮೊದಲಿನಿಂದ ಸುತ್ತಬೇಕು. ಊರಿನವರಿಗೆಲ್ಲ ಇದು ಗೊತ್ತು. ದೊಡ್ಡ ದೊಡ್ಡ ಜಮೀನುದಾರರೂ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ನಿಜ ಹೇಳಬೇಕೆಂದರೆ ಅದು ನನಗೆ ಖುಷಿ ಕೊಡುತ್ತಿತ್ತು.

ನನ್ನ ಮಗಳು ಸ್ಕೂಲು ಬಿಟ್ಟ ಮೇಲೆ ಅಂಗಡಿಗೇ ಬರುತ್ತಾಳೆ. ನನ್ನ ಹೆಂಡತಿ ಹೊಲಿಗೆ ಕೆಲಸ ಮುಗಿಸಿ ಬರುವ ತನಕ ಅಲ್ಲೇ ಕುಳಿತು ಹೋಂವರ್ಕ್ ಮಾಡುತ್ತಾಳೆ. ಹುಟ್ಟುಹಬ್ಬಕ್ಕೆ ಹತ್ತು ದಿನ ಇರುವಾಗ ಏನು ಬೇಕು ಎಂದು ಕೇಳಿದೆ.

“ಒಂದ್ ಮೋಟ್ರು ನಾನೇ ಸುತ್ತಬೇಕು ಕಣಪ್ಪ. ನೀನೂ ಜೊತೇಲಿ ಕೂತ್ಕೋಬೇಕು. ಗಿರಾಕಿ ಬಂದ್ರೂ ಏಳಬಾರ್ದು.”

ಅವಳಿಗೆ ಬೇಕಾಗಿದ್ದದ್ದು ಮೋಟಾರಲ್ಲ, ನಾನು ಏಳದೆ ಕೂರುವುದು. ಅಷ್ಟು ನನಗೆ ಅರ್ಥವಾಯಿತು. ಗುಜರಿಯಲ್ಲಿ ಸುಟ್ಟ ಟೇಬಲ್ ಫ್ಯಾನೊಂದನ್ನು ಹುಡುಕಿ ತಂದೆ. ಇಬ್ಬರೂ ಸೇರಿ ಅದರ ಕರಕಲು ಕಿತ್ತು, ಸುತ್ತಿ, ಬಣ್ಣ ಹೊಡೆದು, ಹುಟ್ಟುಹಬ್ಬದ ಸಂಜೆ ಮನೆಯಲ್ಲಿ ತಿರುಗಿಸುವುದು. ಆಮೇಲೆ ಅದು ಅವಳ ಫ್ಯಾನು.

ಚಾಮರಾಜನಗರದಲ್ಲಿರುವ ನನ್ನ ಭಾಮೈದನಿಗೆ ಹೆಂಡತಿ ಫೋನಿನಲ್ಲಿ ಈ ವಿಷಯ ಹೇಳಿದಳು. ಹೆಂಡತಿಯ ತಮ್ಮ ಅವನು. ಐಟಿಐ ಓದಿ, ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಮೆಷಿನ್ನುಗಳ ರಿಪೇರಿ ವಿಭಾಗದಲ್ಲಿದ್ದಾನೆ. ಕೆಟ್ಟವನಲ್ಲ. ಆದರೆ ನನ್ನ ಕೆಲಸ ನೋಡುವಾಗ ಅವನ ಮುಖದಲ್ಲಿ ಒಂದು ನಗು ಇರುತ್ತದೆ, ಪರೀಕ್ಷೆ ಪಾಸು ಮಾಡಿದವನ ನಗು. ಆ ದಿನ ಫೋನು ನನ್ನ ಕೈಗೆ ಬಂದಾಗಲೂ ಅದೇ ನಗು ಕೇಳಿಸಿತು.

“ಬಾವ, ಎಣ್ಮಗಳಿಗೆ ಸುಟ್ಟೋದ್ ಫ್ಯಾನಾ ಗಿಫ್ಟು? ನಮ್ ಫ್ಯಾಕ್ಟ್ರಿ ಗುಜರೀಲಿ ಇನ್ನೂ ಅವೆ, ಒಂದ್ ಲೋಡ್ ಕಳಿಸ್ಲಾ?”

“ನೀ ಕೇಕ್ ತಿನ್ನಕ್ ಬಾ ಸಾಕು,” ಎಂದು ಫೋನು ಇಟ್ಟೆ. ಆ ಫ್ಯಾನು ಅವನ ಎದುರಿಗೆ ತಿರುಗಬೇಕು, ಒಂದು ಸದ್ದೂ ಇಲ್ಲದೆ ತಿರುಗಬೇಕು ಎಂದು ಆ ಕ್ಷಣವೇ ತೀರ್ಮಾನ ಮಾಡಿದೆ. ಹುಟ್ಟುಹಬ್ಬ ಮಗಳದ್ದು ಎನ್ನುವುದು ಅಲ್ಲಿಂದಲೇ ನನಗೆ ಮರೆಯತೊಡಗಿತ್ತೇನೋ.

ಆದರೂ ಮೊದಲ ಏಳೆಂಟು ದಿನ ಚೆನ್ನಾಗಿದ್ದವು. ಸಂಜೆ ನಾಲ್ಕೂವರೆಗೆ ಷಟರನ್ನು ಅರ್ಧಕ್ಕೆ ಎಳೆದು ಇಬ್ಬರೂ ನೆಲದ ಮೇಲೆ ಗೋಣಿಚೀಲ ಹಾಸಿ ಕೂರುತ್ತಿದ್ದೆವು. ಕರಕಲು ತಂತಿ ಕೀಳುವಾಗ ಅವಳ ಮೂಗೆಲ್ಲ ಕಪ್ಪಾಯಿತು. ತಂತಿ ಕೂರುವ ಸಂದುಗಳಿಗೆ ಕಾಗದವನ್ನು ಅಳತೆಗೆ ಕತ್ತರಿಸಿ ಮಡಚಿ ತುರುಕಿದಳು. ಆ ಸಂದುಗಳಿಗೆ ನನ್ನ ಬೆರಳು ದಪ್ಪ, ಅವಳದು ಸರಿಯಾಗಿ ಹೋಗುತ್ತಿತ್ತು. ಸುತ್ತುವ ಯಂತ್ರದ ಹಿಡಿ ತಿರುಗಿಸುವುದು ಅವಳು, ತಂತಿ ಹಿಡಿಯುವುದು ನಾನು. ಅವಳು ಬಾಯಲ್ಲಿ ಎಣಿಸುತ್ತಾಳೆ, ನಾನು ಮನಸ್ಸಿನಲ್ಲಿ. ಒಂದು ಸುರುಳಿ ಮುಗಿದಾಗ ಇಬ್ಬರೂ ಒಟ್ಟಿಗೆ ಲೆಕ್ಕ ಹೇಳಬೇಕು. ಒಂದು ದಿನ ನನ್ನದು ಅವಳಿಗಿಂತ ಎರಡು ಕಡಿಮೆ ಬಂತು.

“ನೀನ್ ತಪ್ಪು,” ಎಂದಳು.

“ನಾನಾ? ಇಪ್ಪತ್ತೈದ್ ವರ್ಷದಿಂದ ಎಣಿಸ್ತಾ ಇವ್ನಿ ಕಣಮ್ಮಿ.”

“ಆ ಲಾರಿಯವ್ನು ಆರ್ನ್ ಒಡುದ್ನಲ್ಲ, ಆಗ ನೀನ್ ಅತ್ಲಾಗ್ ತಿರುಗ್ದೆ. ನಾ ತಿರುಗ್ನಿಲ್ಲ.”

ಬಿಚ್ಚಿ ಎಣಿಸಿದೆವು. ಅವಳೇ ಸರಿ. ನಾನು ನಕ್ಕೆ. ಆ ದಿನ ನಿಜವಾಗಿಯೂ ನಕ್ಕೆ.

ಕೆಟ್ಟದ್ದು ಶನಿವಾರ. ಭಾನುವಾರ ಹುಟ್ಟುಹಬ್ಬ. ಸುರುಳಿಗಳನ್ನೆಲ್ಲ ಕೂರಿಸಿ ಆಗಿತ್ತು. ಅವುಗಳ ತುದಿಗಳನ್ನು ಒಂದಕ್ಕೊಂದು ಸೇರಿಸುವ ಕೆಲಸ ಮಾತ್ರ ಉಳಿದಿತ್ತು. ಯಾವ ತುದಿ ಯಾವುದಕ್ಕೆ ಎಂದು ನಾನು ಚಾಕ್‌ಪೀಸಿನಲ್ಲಿ ನೆಲದ ಮೇಲೆ ಬರೆದು ತೋರಿಸಿದ್ದೆ. ಅವಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ತುದಿಗಳಿಗೆ ಕೆಂಪು, ನೀಲಿ ದಾರ ಕಟ್ಟಿ ಗುರುತು ಮಾಡಿಕೊಂಡಿದ್ದಳು. ಅರ್ಧ ಅವಳೇ ಜೋಡಿಸಿಯೂ ಆಗಿತ್ತು.

ಷಟರಿನ ಆಚೆ ಗೂಡ್ಸ್ ಆಟೋ ನಿಂತ ಸದ್ದಾಯಿತು. ಭೀಮನಬೀಡಿನ ಒಬ್ಬ ರೈತ ಬಗ್ಗಿ ತಲೆ ಒಳಗೆ ಹಾಕಿದ.

“ಅಣ್ಣೋ, ಒಳಗ್ ಕೂತ್ಕೊಂಡು ಷಟರ್ ಎಳ್ದಿದ್ದೀಯಲ್ಲಾ! ಮೋಟ್ರು ಸುಟ್ಟೋಗ್ಯದೆ ಕಣಣ್ಣ. ಟಮೋಟ ಒಣುಗ್ತಾ ಅದೆ.”

“ಇವತ್ ಆಗಲ್ಲ. ನಾಳೇನೂ ಆಗಲ್ಲ. ಸೋಮವಾರ ಬಾ.”

“ಸೋಮವಾರಕ್ಕೆ ಟಮೋಟ ಕಾಯ್ತದಾ? ನೀ ಆ ಮಗೀನ್ ಜೊತೆ ಆಟ ಆಡ್ತಾ ಕೂತಿದ್ದೀಯ. ನಾವ್ ಸಾಯೋದಾ?”

‘ಆಟ’ ಎಂದನಲ್ಲ, ಆ ಮಾತು ನನ್ನನ್ನು ಎತ್ತಿ ನಿಲ್ಲಿಸಿತು. ಏಳಬಾರದು ಎಂದು ಮಗಳು ಕೇಳಿದ್ದಳು. ಎದ್ದೆ. ಹೊರಗೆ ಹೋಗಿ ಅವನ ಜೊತೆ ಜಗಳಕ್ಕೆ ನಿಂತೆ. ಅವನು ನನ್ನ ಕಸುಬನ್ನು ಹೊಗಳಿದ, ಬೈದ, ಮತ್ತೆ ಹೊಗಳಿದ. ಕೊನೆಗೆ ಹೊಗಳಿಕೆಯೇ ಗೆದ್ದಿತು. “ಈ ತಾಲ್ಲೂಕ್ನಲ್ಲಿ ನಿನ್ ಬುಟ್ರೆ ಯಾರ್ ಕೈಗೂ ಕೊಡಕ್ ಧೈರ್ಯ ಇಲ್ಲ ಕಣಣ್ಣ,” ಅಂದ. ಇಂಥ ಮಾತಿಗೆ ಕರಗುವ ಮೂರ್ಖ ನಾನು. ಮೋಟಾರು ಇಳಿಸು ಎಂದೆ.

ಒಳಗೆ ಬಂದಾಗ ಮೈಯೆಲ್ಲ ಉರಿಯುತ್ತಿತ್ತು. ಅವನ ಮೇಲೆ ಸಿಟ್ಟು, ಒಪ್ಪಿಕೊಂಡ ನನ್ನ ಮೇಲೆ ಸಿಟ್ಟು. ಮಗಳು ನಿಧಾನವಾಗಿ, ನಾಲಿಗೆ ಹೊರಗೆ ಚಾಚಿಕೊಂಡು, ತಂತಿಯ ಒಂದು ತುದಿಯ ಲೇಪ ಕೆರೆಯುತ್ತಿದ್ದಳು.

“ಕೊಡಿತ್ಲಾಗ್. ನಾನ್ ಮುಗಿಸ್ತೀನಿ,” ಎಂದು ಅವಳ ಕೈಯಿಂದ ಕಿತ್ತುಕೊಂಡೆ.

“ಅಪ್ಪಾ, ಅದು ನಂದು.”

“ನಿಂದೇ ಕಣಮ್ಮಿ, ಯಾರ್ ಬ್ಯಾಡ ಅಂದ್ರು? ಟೈಮಿಲ್ಲ.”

ದಾರದ ಗುರುತು ನೋಡಲಿಲ್ಲ. ನನಗೆ ಗುರುತು ಯಾಕೆ? ಚರಚರ ಎಂದು ಹೊಸೆದು ಹೊಸೆದು ಹಾಕಿದೆ. ಕೊನೆಯ ಎರಡು ತುದಿಗಳಿಗೆ ಬಂದಾಗ ಅವಳು ನೋಟ್‌ಬುಕ್ಕನ್ನು ನನ್ನ ಮುಖದ ಹತ್ತಿರ ಹಿಡಿದಳು.

“ಅಪ್ಪಾ, ಕೆಂಪ್ದು ಇಲ್ಲಿಗಲ್ವಾ? ಬುಕ್ಕಲ್ಲಿ ಬೇರೆ ತರ...”

“ಸುಮ್ನಿರು! ಕೆಲಸ ಮಾಡೋವಾಗ ಮಾತಾಡ್ಬ್ಯಾಡ ಅಂತ ಎಷ್ಟ್ ಸಲ ಯೋಳಿವ್ನಿ?”

ಹೊರಗೆ ಆಟೋ ಹತ್ತಿರ ನಿಂತಿದ್ದ ರೈತನಿಗೂ ಕೇಳಿಸುವಷ್ಟು ಜೋರಾಗಿ ಕೂಗಿದೆ. ಅವಳು ನೋಟ್‌ಬುಕ್ಕು ಮುಚ್ಚಿದಳು. ನಾನು ಜೋಡಣೆ ಮುಗಿಸಿ, ವಾರ್ನಿಷ್ ಬಳಿದು, ಒಣಗಲು ಇಟ್ಟು, ಭೀಮನಬೀಡಿನ ಮೋಟಾರಿಗೆ ಕೈ ಹಾಕಿದೆ.

ಭಾನುವಾರ ಮಧ್ಯಾಹ್ನ ಇಬ್ಬರೂ ಸೇರಿ ಫ್ಯಾನನ್ನು ಮತ್ತೆ ಕಟ್ಟಿದೆವು. ರೆಕ್ಕೆಗೆ ಅವಳು ಹಳದಿ ಬಣ್ಣ ಹೊಡೆದಿದ್ದಳು, ನಮ್ಮ ಕಡೆಯ ಹೊಲಗಳಲ್ಲಿ ಅರಳುವ ಚೆಂಡುಹೂವಿನ ಹಳದಿ.

“ಒಂದ್ಸಲ ಆನ್ ಮಾಡಿ ನೋಡನ,” ಎಂದಳು.

“ನಾನ್ ಕಟ್ಟಿರೋದ್ನ ಟೆಸ್ಟ್ ಬ್ಯಾರೆ ಮಾಡ್ಬೇಕಾ? ಸಂಜೆ ನಿಮ್ಮಾವನ್ ಮುಂದೆ ತಿರುಗ್ಲಿ ಬುಡು.”

ಸಂಜೆ ಭಾಮೈದ ತನ್ನ ಹೆಂಡತಿಯ ಜೊತೆ ಬಂದ. ಅಕ್ಕಪಕ್ಕದ ಮನೆಯವರು, ಮಗಳ ಸ್ಕೂಲಿನ ಮೂವರು ಗೆಳತಿಯರು ಬಂದರು. ಕೇಕಿನ ಮೇಲೆ ಮೇಣದಬತ್ತಿ ಹಚ್ಚಿಟ್ಟಿದ್ದರು. ಫ್ಯಾನಿಗೆ ರಿಬ್ಬನ್ ಕಟ್ಟಿ ಮೇಜಿನ ತುದಿಗೆ, ಗೋಡೆಗೆ ಬೆನ್ನು ಮಾಡಿ ಇಟ್ಟಿದ್ದೆವು. ಬತ್ತಿಗಳನ್ನು ಬಾಯಿಂದ ಊದುವುದು ಬೇಡ, ಫ್ಯಾನೇ ಆರಿಸಲಿ ಎಂದು ನಾನೇ ಜಂಬದಿಂದ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಗಳು ಸ್ವಿಚ್ ಒತ್ತಿದಳು.

ಫ್ಯಾನು ತಿರುಗಿತು. ಸದ್ದೇ ಇಲ್ಲ. ಆದರೆ ಬತ್ತಿಗಳು ಆರಲಿಲ್ಲ. ಜ್ವಾಲೆಗಳು ಫ್ಯಾನಿನ ಕಡೆಗೇ ಬಾಗಿದವು. ಅದರ ಬೆನ್ನಿನ ಹಿಂದೆ ಗೋಡೆಗೆ ಅಂಟಿಸಿದ್ದ ಬಣ್ಣದ ಕಾಗದಗಳು ಪಟಪಟನೆ ಹೊಡೆದುಕೊಂಡವು.

ಉಲ್ಟಾ ತಿರುಗುತ್ತಿತ್ತು. ಒಂದು ಸುರುಳಿಯ ಎರಡು ತುದಿ ಅದಲುಬದಲಾದರೆ ಆಗುವುದೇ ಇದು. ನನಗೆ ಆ ಕ್ಷಣವೇ ಗೊತ್ತಾಯಿತು. ಕೆಂಪು ದಾರದ ತುದಿ. ಅವಳು ನೋಟ್‌ಬುಕ್ಕು ಹಿಡಿದು ತೋರಿಸಿದ ತುದಿ.

ಭಾಮೈದ ಮೊದಲು ನಕ್ಕ. “ಅಕ್ಕೋ, ನೋಡಿಲ್ಲಿ, ಗೋಡೆಗ್ ಗಾಳಿ ಬೀಸ್ತಾ ಅದೆ! ಎಣ್ಮಗ ಸುತ್ತಿರೋ ಫ್ಯಾನು ಅಂದ್ರೆ ಇದೇಯ!” ಎಲ್ಲರೂ ನಕ್ಕರು. ಗೆಳತಿಯರೂ ನಕ್ಕರು. ಪಕ್ಕದ ಮನೆಯ ಹೆಂಗಸು, “ಓಗ್ಲಿ ಬುಡಿ, ಮಗ ಪಾಪ ಏನೋ ಮಾಡ್ಯದೆ,” ಎಂದರು.

ಮಗಳು ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಒಂದೇ ಮಾತು ಸಾಕಿತ್ತು ಅವಳಿಗೆ. ಆ ಜೋಡಣೆ ನಂದು, ಅವಳು ಹೇಳಿದ್ದು ಸರಿ ಇತ್ತು ಎನ್ನುವ ಮಾತು. ನನ್ನ ಎದುರಿಗೆ ಐಟಿಐ ಓದಿದವನು ನಗುತ್ತಾ ನಿಂತಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೂ ಪಾಪ ಅರ್ಧ ಕಡಿಮೆಯಾಗುತ್ತಿತ್ತು. ಆದರೆ ನನ್ನ ಬಾಯಿಂದ ಬಂದದ್ದು ಇದು:

“ಇನ್ನೇನ್ ಮತ್ತೆ, ಮಕ್ಳು ಕೈಗ್ ಕೊಟ್ರೆ ಇಂಗೇ ಆಗೋದು. ನಾಳೆ ಸರಿ ಮಾಡ್ತೀನಿ ಬುಡು.”

ಅವಳು ಅಳಲಿಲ್ಲ. ಸ್ವಿಚ್ ಆರಿಸಿ, ಬತ್ತಿ ಊದಿ, ಕೇಕು ಕತ್ತರಿಸಿದಳು. ಮೊದಲ ತುಂಡನ್ನು ಅಮ್ಮನಿಗೆ ಕೊಟ್ಟಳು, ಎರಡನೆಯದನ್ನು ಮಾವನಿಗೆ. ನನ್ನ ಪಾಲು ತಟ್ಟೆಯಲ್ಲಿ ಇಟ್ಟು ಹೋದಳು.

ಮಾರನೇ ದಿನ ಸ್ಕೂಲಿಂದ ಅಂಗಡಿಗೆ ಬರಲಿಲ್ಲ, ನೇರ ಮನೆಗೆ ಹೋಗಿದ್ದಳು. ನಾನು ಮನೆಗೆ ಬಂದು, ಫ್ಯಾನು ಸರಿ ಮಾಡಲು ಅಂಗಡಿಗೆ ತೆಗೆದುಕೊಂಡು ಹೋಗೋಣವೆಂದು ಕೈ ಹಾಕಿದರೆ ಅಡ್ಡ ಬಂದು ನಿಂತಳು.

“ಮುಟ್ಬ್ಯಾಡ.”

“ಎರಡೇ ತಂತಿ ಕಣಮ್ಮಿ, ಐದ್ ನಿಮಿಷ.”

“ನೀನ್ ಸರಿ ಮಾಡ್ಬುಟ್ರೆ ನಾನ್ ಕೆಡಿಸ್ದೆ, ನೀನ್ ಸರಿ ಮಾಡ್ದೆ ಅಂತಾನೇ ಆಯ್ತದೆ. ಮಾವಂಗೆ ಯೋಳು ಮೊದ್ಲು.”

ಹತ್ತು ವರ್ಷದ ಹುಡುಗಿ. ನನಗೆ ಕೆಂಡದಂಥ ಕೋಪ ಬಂತು. ಅಪ್ಪನಿಗೆ ಎದುರು ಮಾತಾಡುತ್ತೀಯಾ ಎಂದು ಕೂಗಿದೆ. ಹೆಂಡತಿ ಅಡುಗೆ ಮನೆಯಿಂದ ಬಂದು, ಏನು ವಿಷಯ ಎಂದು ಕೇಳಿದಳು. ಮಗಳು ಹೇಳಲಿಲ್ಲ. ನಾನೇ ಹೇಳಬೇಕು ಎಂದು ನಿಂತಿದ್ದಳು. ನಾನು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದೆ. ಆ ವಾರ ಬಂದ ಗಿರಾಕಿಗಳಿಗೆಲ್ಲ ನನ್ನ ಬಾಯಿ ರುಚಿ ಸಿಕ್ಕಿತು. ಭೀಮನಬೀಡಿನವನು ಮೋಟಾರು ತೆಗೆದುಕೊಂಡು ಹೋಗಲು ಬಂದಾಗ, ನಿನ್ನ ಟಮೋಟ ಹಾಳಾಗಲಿ ಎಂದು ಬೈದೆ. ಅವನು ಪಾಪ ಏನೂ ಅರ್ಥವಾಗದೆ ಬಾಯಿ ಬಿಟ್ಟುಕೊಂಡು ನೋಡಿದ.

ಐದನೇ ದಿನ ಭಾಮೈದನಿಗೆ ಫೋನು ಮಾಡಿದೆ. ಮಗಳಿಗೆ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

“ಆ ಫ್ಯಾನು ಉಲ್ಟಾ ಆಗಿದ್ದು ನನ್ನಿಂದ ಕಣಪ್ಪ. ಕನೆಕ್ಷನ್ ನಾನ್ ಕೊಟ್ಟಿದ್ದು. ಅವಳು ಯೋಳಿದ್ಲು, ನಾನ್ ಕೇಳ್ನಿಲ್ಲ.”

ಆ ಕಡೆಯಿಂದ ಜೋರು ನಗು.

“ಬುಡು ಬಾವ. ಮಗಳ್ನ ಸಮಾಧಾನ ಮಾಡಕ್ಕೆ ನೀನ್ಯಾಕ್ ಮೈಮೇಲ್ ಆಕ್ಕೋತೀಯ? ನೀನ್ ತಪ್ ಮಾಡ್ತೀಯಾ? ನಂಗೊತ್ತಿಲ್ವಾ ನಿನ್ ಕೈಕೆಲಸ!”

ಇಷ್ಟು ವರ್ಷ ನಾನು ಅವನ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು. ಅದು ಬಂದದ್ದು ಈಗ. ನಾನು ಬಾಯಿಗೆ ಬಂದ ಹಾಗೆ ಬೈದು ಫೋನು ಕತ್ತರಿಸಿದೆ. ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು.

“ಮಾವ ನಂಬ್ನಿಲ್ಲ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಫ್ಯಾನು ಹಾಗೆಯೇ ಉಳಿಯಿತು. ಸೆಖೆಯಾದಾಗ ಅವಳು ಅದನ್ನು ಹಾಕುತ್ತಿದ್ದಳು, ಅದು ಗೋಡೆಗೆ ಬೀಸುತ್ತಿತ್ತು, ಅವಳು ಅದರ ಮುಂದೆ ಕುಳಿತು ಓದುತ್ತಿದ್ದಳು. ನೋಡಿ ನೋಡಿ ನನ್ನ ರಕ್ತ ಕುದಿಯುತ್ತಿತ್ತು. ಉಲ್ಟಾ ತಿರುಗುವ ಮೋಟಾರು ನನ್ನ ಮನೆಯಲ್ಲಿ!

ಗೌರಿ ಹಬ್ಬಕ್ಕೆ ಭಾಮೈದ ಅಕ್ಕನಿಗೆ ಬಾಗಿನ ತಂದ. ಊಟ ಆಯಿತು. ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದವನ ಮುಂದೆ ನಾನು ಫ್ಯಾನು ತಂದಿಟ್ಟು, ಸ್ಕ್ರೂಡ್ರೈವರ್ ತೆಗೆದು ಬೆನ್ನು ಬಿಚ್ಚಿದೆ.

“ಅಬ್ಬದ್ ದಿನವೂ ಕೆಲಸವಾ ಬಾವ?”

“ಬಾಯ್ ಮುಚ್ಕೊಂಡ್ ನೋಡ್ಲಾ ಇಲ್ಲಿ. ಓದಿದ್ದೀಯಲ್ಲ, ನೋಡಿ ಯೋಳು. ಈ ಗಂಟು ಯಾರ್ ಕೈದು?”

ನಾನು ಎಡಚ. ತಂತಿಯ ತುದಿಗಳನ್ನು ಹೊಸೆದಾಗ ನನ್ನ ಹುರಿ ಎಡಕ್ಕೆ ತಿರುಗುತ್ತದೆ, ಬಲಗೈಯವರದು ಬಲಕ್ಕೆ. ಮಗಳು ಬಲಗೈಯವಳು. ನಾನು ಹೊದಿಕೆ ಸರಿಸಿ ಒಂದೊಂದೇ ಜೋಡಣೆ ತೋರಿಸಿದೆ. ಮೊದಲ ನಾಲ್ಕು ಬಲಕ್ಕೆ ಹೊಸೆದದ್ದು, ಪುಟ್ಟದಾಗಿ, ಬಿಗಿಯಾಗಿ, ಎಲ್ಲವೂ ಸರಿ. ಆಮೇಲಿನವು ಎಡಕ್ಕೆ. ಕೊನೆಯ ಎರಡೂ ಎಡಕ್ಕೆ, ಎರಡೂ ತಪ್ಪು. ಮಗಳ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟೆ. ಅವನು ಎಲೆ ಅಡಿಕೆ ಉಗಿದು ಬಂದು ಬಗ್ಗಿ ನೋಡಿದ. ಬೆರಳಿಟ್ಟು ನೋಡಿದ. ಕೆಲಸ ಗೊತ್ತಿರುವವನು, ಬೇಗ ಅರ್ಥವಾಯಿತು. ಮುಖದ ನಗು ಹೋಯಿತು.

“ಅಂಗಾರೆ ಅವತ್ತು ಅಷ್ಟ್ ಜನದ್ ಮುಂದೆ ಯಾಕ್ ಯೋಳ್ನಿಲ್ಲ ಬಾವ?”

ಹೆಂಡತಿಯೂ ನನ್ನನ್ನೇ ನೋಡುತ್ತಿದ್ದಳು. ಗದರಿಸಿ ಎದ್ದು ಹೋಗಬಹುದಿತ್ತು.

“ನಿನ್ ಮುಂದೆ ಮರ್ವಾದೆ ಓಯ್ತದೆ ಅಂತ,” ಎಂದೆ.

“ನಂದು ಓದ್ರೆ ಪರವಾಗಿಲ್ವಾ?” ಎಂದಳು ಮಗಳು.

ನಾನು ತಪ್ಪಾಯಿತು ಎಂದು ಗಿರಾಕಿಗೆ ಹೇಳಿದವನಲ್ಲ, ಹೆಂಡತಿಗೆ ಹೇಳಿದವನಲ್ಲ, ನನ್ನ ಅಪ್ಪನಿಗೂ ಹೇಳಲಿಲ್ಲ.

“ತಪ್ಪಾಯ್ತು ಕಣಮ್ಮಿ.”

ಅವಳು ಮಾವನನ್ನು ಸ್ವಲ್ಪ ಆಚೆ ಸರಿಯಲು ಹೇಳಿ ಫ್ಯಾನಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು. ನಾನು ಕಟರ್ ಎತ್ತಿಕೊಂಡೆ.

“ಕೈ ತಗಿ,” ಎಂದಳು.

ತೆಗೆದೆ. ನನ್ನ ಎರಡು ಜೋಡಣೆಗಳನ್ನು ಅವಳು ಕತ್ತರಿಸಿದಳು. ತುದಿ ಕೆರೆದು, ಅದಲುಬದಲು ಮಾಡಿ, ಹೊಸೆಯತೊಡಗಿದಳು. ಮೂರು ಸಲ ಜಾರಿತು. ಇನ್ನೂ ಒಂಚೂರು ಬಿಗಿ, ಬುಡದಿಂದ ಹಿಡಿ ಎಂದು ಹೇಳಲು ನನ್ನ ನಾಲಿಗೆ ತುದಿಯವರೆಗೆ ಬಂತು. ಹಲ್ಲು ಕಚ್ಚಿ ಕುಳಿತೆ. ಒಂದು ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಆಯಿತು. ಆ ಅರ್ಧ ಗಂಟೆ ಕೋಪ ಯಾರ ಮೇಲೂ ಹಾಕಲಾಗದೆ ನನ್ನೊಳಗೇ ಸುತ್ತುತ್ತಿತ್ತು.

ಬೆನ್ನು ಮುಚ್ಚಿ ಸ್ವಿಚ್ ಒತ್ತಿದಳು. ಗಾಳಿ ಮುಂದಕ್ಕೆ ಬಂತು. ಭಾಮೈದ, “ಭೇಷ್ ಕಣಮ್ಮಿ!” ಎಂದು ಕೂಗಿದ. ನನ್ನ ಹೆಂಡತಿ ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದಳು. ಮಗಳು ಫ್ಯಾನಿನ ಮುಖವನ್ನು ಅಮ್ಮನ ಕಡೆಗೆ, ಮಾವನ ಕಡೆಗೆ ತಿರುಗಿಸಿದಳು. ಅತ್ತಿತ್ತ ತಿರುಗಲೆಂದು ಅದರ ನೆತ್ತಿಯ ಮೇಲೆ ಒಂದು ಗುಂಡಿ ಇದೆ, ಅದನ್ನು ಒತ್ತಿದ್ದರೆ ಗಾಳಿ ನನ್ನವರೆಗೂ ಬರುತ್ತಿತ್ತು, ಅವಳು ಒತ್ತಲಿಲ್ಲ. ನಾನು ಕಂಬಕ್ಕೆ ಒರಗಿ ಸೆಖೆಯಲ್ಲೇ ಕುಳಿತಿದ್ದೆ. ಒತ್ತು ಎಂದು ಕೇಳಲಿಲ್ಲ.